ಹಿಂಗಾರಿ ಜೋಳ: ನಾಟಿ ತಳಿ ಮತ್ತು ಸುಧಾರಿತ ತಳಿ

ಒಣ ಬೇಸಾಯದಲ್ಲಿ ತಳಿಯ ಆಯ್ಕೆಯು ರೈತ ಕುಟುಂಬದ ಇಡೀ ವರ್ಷದ ಜೀವನವನ್ನು ನಿರ್ಧರಿಸುತ್ತದೆ. ಸೊಲ್ಲಾಪುರ, ವಿಜಯಪುರ ಜಿಲ್ಲೆಗಳ ಎರೆಭೂಮಿ ಇದಕ್ಕೆ ಉತ್ತಮ ನಿದರ್ಶನ. ಇಲ್ಲಿ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತುವ ಹಿಂಗಾರಿ ಜೋಳಕ್ಕೆ ಆ ಬಳಿಕ ಮಳೆಯ ಭರವಸೆಯಿಲ್ಲ. ಮಣ್ಣಿನಲ್ಲಿ ಉಳಿದ ತೇವವೇ ಅದಕ್ಕೆ ಆಧಾರ. ಕಾಳು ಕಟ್ಟುವ ವೇಳೆಗೆ ಆ ತೇವವೂ ತೀರುತ್ತ ಬಂದಿರುತ್ತದೆ.

ಈ ಪರಿಸ್ಥಿತಿಗೆ ತಲೆಮಾರುಗಳಿಂದ ಹೊಂದಿಕೊಂಡು ಬಂದ ನಾಟಿ ಜೋಳ ಮಾಲದಂಡಿ. 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಇದರ ಉತ್ತಮ ಗಿಡಗಳನ್ನು ಆರಿಸಿ ಎಂ. 35-1 ಎಂಬ ತಳಿಯನ್ನು ರೂಪಿಸಲಾಯಿತು. ಮುತ್ತಿನಂತಹ ಬಿಳಿಯ ಕಾಳು, ಮೃದುವಾದ ರೊಟ್ಟಿ, ದನಕರುಗಳು ಇಷ್ಟಪಟ್ಟು ತಿನ್ನುವ ಎತ್ತರದ ಕಣಿಕೆ ಇದರ ವಿಶೇಷ ಗುಣಗಳು.

1964ರಲ್ಲಿ ದೇಶದ ಮೊದಲ ಸಂಕರಣ ಜೋಳ ಸಿ.ಎಸ್.ಎಚ್.-1 ಬಳಕೆಗೆ ಬಂದಿತು. ಗಿಡ್ಡಗೆ ಬೆಳೆದು ಬೇಗ ಮಾಗುವ, ಗೊಬ್ಬರಕ್ಕೆ ಚೆನ್ನಾಗಿ ಸ್ಪಂದಿಸುವ ಈ ತಳಿಯಿಂದ ಮುಂಗಾರಿಯಲ್ಲಿ ಇಳುವರಿ ಹೆಚ್ಚಿತು. ಆದರೆ ತೆನೆ ಮಾಗುವಾಗ ಮಳೆ ಹಿಡಿದರೆ ಕಾಳಿಗೆ ಬೂಷ್ಟು ತಗುಲಿ ಬೆಲೆ ಕುಸಿಯುತ್ತಿತ್ತು. ಬೀಜವನ್ನು ಪ್ರತಿವರ್ಷವೂ ಕೊಳ್ಳಬೇಕಾಗಿತ್ತು. ಹಿಂಗಾರಿಯಲ್ಲಂತೂ ಸಂಕರಣ ತಳಿಗಳು ಮಾಲದಂಡಿಯ ಸ್ಥಾನವನ್ನು ಪಡೆಯಲಿಲ್ಲ. ಬರ ಬಂದ ವರ್ಷ ಕಾಳು ಕಡಿಮೆಯಾದರೂ ಕಣಿಕೆ ಎತ್ತುಗಳನ್ನು ಉಳಿಸುತ್ತದೆ. ಮೇವಿಲ್ಲದೆ ಎತ್ತು ಮಾರಿದ ರೈತನಿಗೆ ಮುಂದಿನ ಬಿತ್ತನೆಯೇ ಕಷ್ಟವಾಗುತ್ತದೆ.

ಹಾಗೆಂದು ಹಳೆಯ ತಳಿ ಎಲ್ಲ ಹೊಲಗಳಿಗೂ ಒಪ್ಪುವುದಿಲ್ಲ. ಆಳವಿಲ್ಲದ ಮಣ್ಣಿನಲ್ಲಿ ತೇವ ಬೇಗ ಆರುವುದರಿಂದ ಅಲ್ಲಿ ಅಲ್ಪಾವಧಿಯ ತಳಿಗಳೇ ಸೂಕ್ತ. ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ ಫುಲೆ ಅನುರಾಧಾ ಇಂತಹ ಮಣ್ಣಿಗೆಂದೇ ರೂಪುಗೊಂಡ ಸುಧಾರಿತ ತಳಿ.

ಆದುದರಿಂದ ತಳಿಯನ್ನು ಆರಿಸುವಾಗ ಮಣ್ಣಿನ ಆಳ, ಕಾಳು, ಮೇವು ಇವುಗಳನ್ನು ಒಟ್ಟಾಗಿ ತೂಗಿ ನೋಡಬೇಕು. ಒಳ್ಳೆಯ ಮಳೆಯ ವರ್ಷದ ಇಳುವರಿಯೊಂದನ್ನೇ ನಂಬದೆ, ಹೊಸ ತಳಿಯನ್ನು ಮೊದಲು ಹೊಲದ ಒಂದು ಭಾಗದಲ್ಲಿ ಬೆಳೆದು ಪರೀಕ್ಷಿಸುವುದು ಕ್ಷೇಮ. ನಾಟಿ ಬೀಜವನ್ನು ಕೈಬಿಡಬಾರದು. ಬೆಳೆದ ಬೀಜವನ್ನು ಉಳಿಸಿಕೊಂಡು ಮತ್ತೆ ಬಿತ್ತುವ ಹಕ್ಕನ್ನು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ನೀಡಿದೆ. ನಾಟಿ ಮಾಲದಂಡಿ ಉಳಿದಿದ್ದುದರಿಂದಲೇ ಎಂ. 35-1 ಹುಟ್ಟಿತು. ನಾಳಿನ ಸುಧಾರಿತ ತಳಿಗೂ ಇಂದಿನ ನಾಟಿ ಬೀಜವೇ ಮೂಲ.