ಹಾಡು ಕಟ್ಟಿದವರ ಹೆಸರು

ತುಂಗಭದ್ರೆಯ ದಡದ ದಢೇಸುಗೂರಿನಿಂದ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳವರೆಗೆ ಹಬ್ಬಿರುವ ಸೀಮೆಯಲ್ಲಿ ಜನಪ್ರಿಯ ಗೀತೆಯೆಂಬುದು ಸಿನಿಮಾದೊಂದಿಗೆ ಹುಟ್ಟಿದ್ದಲ್ಲ. ದಾಸರ ಪದ, ಅನುಭಾವವನ್ನು ಆಡುಮಾತಿನಲ್ಲಿ ಹೇಳುವ ತತ್ವಪದ, ಕರ್ಬಲಾದ ಕಥೆಯನ್ನು ನಿರೂಪಿಸುವ ಮೊಹರಂನ ರಿವಾಯತ್ ಪದ, ಇವೆಲ್ಲವೂ ತಮ್ಮ ಕಾಲದಲ್ಲಿ ಊರೂರಿನ ಬಾಯಲ್ಲಿದ್ದ ಹಾಡುಗಳೇ ಆಗಿದ್ದವು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಹಿಂದೂ ಮುಸ್ಲಿಮರಿಬ್ಬರೂ ಕೂಡಿ ಆಚರಿಸುವ ಹಬ್ಬವೆಂದೇ ಹೆಸರಾಗಿದೆ.

ಈ ಸೀಮೆ ಸೇರಿರುವ ರಾಯಚೂರು ಜಿಲ್ಲೆಯ ವಿಜಯದಾಸರು, ಮಾನವಿಯ ಜಗನ್ನಾಥದಾಸರು ಮತ್ತು ಲಿಂಗಸುಗೂರಿನ ಪ್ರಾಣೇಶದಾಸರು ತಮ್ಮ ಪದಗಳ ಕೊನೆಯಲ್ಲಿ ಅಂಕಿತವನ್ನು, ಅಂದರೆ ಕವಿಯ ಗುರುತಾಗಿ ನಿಲ್ಲುವ ದೇವರ ಹೆಸರನ್ನು, ಇರಿಸಿದ್ದರಿಂದ ಹಾಡು ಬಾಯಿಂದ ಬಾಯಿಗೆ ಸಾಗಿದರೂ ಕರ್ತೃ ಮರೆಯಾಗಲಿಲ್ಲ. ಇಂದು ಉತ್ತರ ಕರ್ನಾಟಕದ ಯುವ ಗಾಯಕರು ಯೂಟ್ಯೂಬಿನಲ್ಲಿ ಹರಿಯಬಿಡುವ ಹೊಸ ಜಾನಪದ ಶೈಲಿಯ ಗೀತೆಗಳು ಟ್ರ್ಯಾಕ್ಟರಿನಲ್ಲೂ ಮದುವೆಯ ಮೆರವಣಿಗೆಯಲ್ಲೂ ಮೊಳಗುತ್ತಿದ್ದು, ಅವುಗಳ ಅಬ್ಬರವನ್ನು ಹಿರಿಯರು ಆಕ್ಷೇಪಿಸುವುದುಂಟು. ಮಾತಿಗಿಂತ ತಾಳವೇ ಮುಂದಾದಾಗ ಆ ಆಕ್ಷೇಪ ನ್ಯಾಯವೇ ಆದರೂ, ಕುರಿ ಕಾಯುತ್ತಿದ್ದ ಹಾವೇರಿ ಜಿಲ್ಲೆಯ ಹನುಮಂತ ಲಮಾಣಿ ‘ಸರಿಗಮಪ’ ಎಂಬ ಟಿ.ವಿ. ಗಾಯನ ಸ್ಪರ್ಧೆಯ ಮೂಲಕ ನಾಡಿಗೇ ಪರಿಚಿತರಾದುದನ್ನು ನೆನೆದರೆ, ಹಳ್ಳಿಯ ದನಿಗೆ ಇಂದಿಗೂ ಕೇಳುಗರಿದ್ದಾರೆಂಬುದು ಸ್ಪಷ್ಟವಾಗುತ್ತದೆ.

ಆದ್ದರಿಂದ ಹೊಸ ಪ್ರಕಾರವನ್ನು ಪೂರ್ತಿ ಕೇಳದೆ ತಳ್ಳುವುದೂ, ನೋಡಿದವರ ಸಂಖ್ಯೆಯನ್ನೇ ಗುಣವೆಂದು ಒಪ್ಪುವುದೂ ಸಮನಾದ ತಪ್ಪುಗಳು. ದಾಸರ ಅಂಕಿತದಂತೆ ಇಂದಿನ ಹಾಡಿಗೂ ಕರ್ತೃವಿನ ಗುರುತು ಉಳಿಯಬೇಕಾದರೆ, ಹಾಡು ಮೆಚ್ಚಿದವರು ಅದನ್ನು ಕಟ್ಟಿದವರ ಹೆಸರನ್ನೂ ಕೇಳಿ ತಿಳಿಯಲಿ, ಇನ್ನೊಬ್ಬರಿಗೆ ಹಾಡನ್ನು ಕಳುಹಿಸುವಾಗ ಆ ಹೆಸರನ್ನೂ ಸೇರಿಸಲಿ.