ಮೈ ನವಿರೇಳುವುದೇಕೆ?

ಕುಮಟೆಯ ಸೀಮೆಯ ತದಡಿಯಲ್ಲಿ ಅಘನಾಶಿನಿ ನದಿಯು ಕಡಲನ್ನು ಸೇರುತ್ತದೆ. ಮಾಗಿಯ ದಿನ, ಹೊತ್ತು ಮೂಡುವ ಮುನ್ನ ನಾವು ಆ ದಕ್ಕೆಯ ಮೇಲೆ ನಿಂತಿರುವೆವೆಂದು ಭಾವಿಸೋಣ. ನೆಲದ ಕಡೆಯಿಂದ ಕಡಲಿನತ್ತ ತಣ್ಣನೆಯ ಗಾಳಿ ಬೀಸುತ್ತಿದೆ. ನೀರಿನಿಂದ ಮೇಲೆ ಬಂದ ಮೀನುಗಾರನ ತೊಯ್ದ ತೋಳಿನಲ್ಲಿ ಸಾಸಿವೆಯಂಥ ಗುಳ್ಳೆಗಳೆದ್ದು ಕೂದಲು ನಿಮಿರಿದೆ.

ಅದೇ ಮನುಷ್ಯನು ಇರುಳು ಕಂಬಳಿ ಹೊದ್ದು ಯಕ್ಷಗಾನದ ಆಟ ನೋಡುತ್ತ ಕುಳಿತಿದ್ದಾನೆ. ಗದಾಯುದ್ಧದ ಪ್ರಸಂಗ. ಸರೋವರದಲ್ಲಿ ಅಡಗಿದ ಕೌರವನನ್ನು ಭೀಮನು ಹಳಿದು ಕರೆಯುತ್ತಾನೆ. ಕ್ಷಣಕಾಲ ನಿಶ್ಶಬ್ದ, ಒಮ್ಮೆಲೆ ಚಂಡೆ ಮೊಳಗುತ್ತದೆ. ಕಂಬಳಿಯೊಳಗೂ ಅವನ ಮೈ ನವಿರೇಳುತ್ತದೆ. ಚಳಿಗೂ ಕೌರವನಿಗೂ ಏನು ಸಂಬಂಧ?

ನವಿರೆಂದರೆ ಕೂದಲು. ಒಂದೊಂದು ಕೂದಲಿನ ಬುಡಕ್ಕೂ ಅತಿ ಸಣ್ಣದೊಂದು ಸ್ನಾಯು ಅಂಟಿಕೊಂಡಿರುತ್ತದೆ. ಅದು ಕುಗ್ಗಿದಾಗ ಓರೆಯಾಗಿದ್ದ ಕೂದಲು ನೆಟ್ಟಗಾಗಿ ಸುತ್ತಲಿನ ಚರ್ಮ ಉಬ್ಬುತ್ತದೆ. ಈ ಸ್ನಾಯುವನ್ನು ಆಳುವ ನರಗಳು ನಮ್ಮಲ್ಲಿ ಬಹುಮಂದಿಯ ಇಚ್ಛೆಗೆ ಒಳಪಟ್ಟಿಲ್ಲ. ಎದೆಯ ಬಡಿತವನ್ನು ಹೆಚ್ಚಿಸುವ, ಅಂಗೈಯನ್ನು ಬೆವರಿಸುವ ನರಮಂಡಲಕ್ಕೇ ಅವು ಸೇರಿದವು.

ರೋಮವು ದಟ್ಟವಾಗಿರುವ ಪ್ರಾಣಿಗಳಿಗೆ ಇದರಿಂದ ಎರಡು ಪ್ರಯೋಜನಗಳುಂಟು. ಎದ್ದ ರೋಮದ ನಡುವೆ ಗಾಳಿ ನಿಂತು ಮೈಯ ಶಾಖವನ್ನು ಕಾಪಾಡುತ್ತದೆ. ನಾಯಿಯನ್ನು ಕಂಡ ಬೆಕ್ಕು ರೋಮವನ್ನೆತ್ತಿ ತನ್ನ ಗಾತ್ರವನ್ನು ಹಿಗ್ಗಿಸಿ ತೋರುತ್ತದೆ. ಚಾರ್ಲ್ಸ್ ಡಾರ್ವಿನ್ ಪಂಡಿತನು 1872ರಲ್ಲಿ, ಪ್ರಾಣಿಗಳೂ ಮನುಷ್ಯರೂ ಭಾವಗಳನ್ನು ತೋರುವ ಬಗೆಯನ್ನು ಕುರಿತು ಬರೆದ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿದನು. ಮನುಷ್ಯನ ಮೈಗೂದಲು ತೆಳುವಾಯಿತು. ಸ್ನಾಯುವೂ ನರವೂ ಉಳಿದುವು. ಆಟದ ಭೀಮನು ವೇಷಧಾರಿಯೆಂದು ಬುದ್ಧಿಗೆ ಗೊತ್ತು. ಚಂಡೆಯ ಹಠಾತ್ತಾದ ಪೆಟ್ಟಿಗೆ ನರವು ಬುದ್ಧಿಯ ಅಪ್ಪಣೆಗೆ ಕಾಯದು.

ಆದರೆ ಇದು ಬರಿಯ ಬೆಚ್ಚು ಮಾತ್ರವಲ್ಲ. ಸಂಗೀತ ಕೇಳಿ ಪುಳಕಗೊಳ್ಳುವವರನ್ನು ಮಾಂಟ್ರಿಯಲ್ ನಗರದ ವಿಜ್ಞಾನಿಗಳು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಫಲವು ವಿಚಾರಾರ್ಹವಾಗಿದೆ. ಸುಖಕ್ಕೆ ಸಂಬಂಧಿಸಿದ ಡೋಪಮಿನ್ ಎಂಬ ದ್ರವ್ಯವು ಮಿದುಳಿನಲ್ಲಿ ಆ ಪರಮಕ್ಷಣದಲ್ಲಿ ಮಾತ್ರವಲ್ಲದೆ, ಅದರ ನಿರೀಕ್ಷೆಯಲ್ಲಿಯೂ ಸ್ರವಿಸುತ್ತದೆ. ನೂರು ಸಲ ಕಂಡ ಪ್ರಸಂಗವನ್ನು ನಮ್ಮ ಜನ ಮತ್ತೆ ನೋಡುವುದರ ಗುಟ್ಟಿನ ಒಂದಂಶವು ಇಲ್ಲಿರಬಹುದು. ಭರತಮುನಿಯ ನಾಟ್ಯಶಾಸ್ತ್ರವು ಎಂಟು ಸಾತ್ತ್ವಿಕಭಾವಗಳಲ್ಲಿ ರೋಮಾಂಚವನ್ನು ಎಣಿಸಿ, ಶೀತ, ಭಯ, ಹರ್ಷ, ಕ್ರೋಧಗಳನ್ನು ಅದರ ಕಾರಣಗಳಲ್ಲಿ ಸೇರಿಸಿತು. ದಕ್ಕೆಯ ಚಳಿಯೂ ಆಟದ ಚಂಡೆಯೂ ಆ ಒಂದೇ ಪಟ್ಟಿಯಲ್ಲಿವೆ.

ಹಾಗಾದರೆ ಮನುಷ್ಯನಲ್ಲಿ ಈ ಸ್ನಾಯು ನಿರುಪಯುಕ್ತ ಶೇಷವೆ? ಬಹುಕಾಲ ಹಾಗೆಂದೇ ಹೇಳುತ್ತಿದ್ದರು. 2020ರಲ್ಲಿ ಇಲಿಗಳ ಮೇಲೆ ನಡೆದ ಸಂಶೋಧನೆಯು, ಈ ಸ್ನಾಯುವಿನ ಆಸರೆಯಿಂದಲೇ ನರವು ಕೂದಲಿನ ಬುಡದ ಮೂಲಕೋಶಗಳನ್ನು ಮುಟ್ಟುವುದೆಂದೂ, ದೀರ್ಘಕಾಲದ ಚಳಿಯಲ್ಲಿ ಹೊಸ ಕೂದಲು ಬೆಳೆಯಲು ಪ್ರೇರಿಸುವುದೆಂದೂ ತೋರಿಸಿತು. ಕೆಲಸ ಕಾಣದಿರುವುದಕ್ಕೂ ಕೆಲಸವಿಲ್ಲದಿರುವುದಕ್ಕೂ ಅಂತರವುಂಟು.

ಕಾರಣ ತಿಳಿದ ಮಾತ್ರಕ್ಕೆ ರಸವು ಬತ್ತುವುದೆಂಬ ಭಯವೂ ಬೇಡ. ಇದನ್ನೆಲ್ಲ ಅರಿತು ಆಟಕ್ಕೆ ಹೋದರೂ, ಚಂಡೆ ಮೊಳಗಿದಾಗ ನಮ್ಮ ತೋಳು ನಮ್ಮನ್ನು ಕೇಳುವುದಿಲ್ಲ.