ಉತ್ತರನ ಕಥೆ ಒಲೆಯ ಮುಂದೆ ಮುಗಿಯುವುದಿಲ್ಲ

ಬಾಯಿಮಾತಿನ ಶೂರರನ್ನು ಹಂಗಿಸಲು ನಮ್ಮಲ್ಲಿ ಒಂದು ಗಾದೆ ಸದಾ ಸಿದ್ಧವಾಗಿರುತ್ತದೆ: ‘ಉತ್ತರನ ಪೌರುಷ ಒಲೆಯ ಮುಂದೆ’. ಮಕ್ಕಳಿಗೆ ಅಜ್ಜಿಯರು ಹೇಳುವ ಕಥೆಯಲ್ಲಾಗಲಿ, ಯಕ್ಷಗಾನದ ರಂಗದ ಮೇಲಾಗಲಿ ಉತ್ತರಕುಮಾರ ಬಂದನೆಂದರೆ ನಗುವೇ ನಗು. ತರುಣ ಗೆಳೆಯರೇ, ಗಾದೆ ಸುಳ್ಳಲ್ಲ. ಆದರೆ ಅದು ಅರ್ಧ ಕಥೆ. ಉಳಿದರ್ಧವನ್ನು ನೀವು ಕೇಳಲೇಬೇಕು.

ವಿರಾಟರಾಜ ಸೇನೆಯನ್ನೆಲ್ಲ ಕಟ್ಟಿಕೊಂಡು ತ್ರಿಗರ್ತರ ಮೇಲೆ ಹೋಗಿದ್ದಾಗ ಕೌರವರು ಇನ್ನೊಂದು ದಿಕ್ಕಿನಿಂದ ಬಂದು ಗೋವುಗಳನ್ನು ಹಿಡಿದರು. ದನಗಾಹಿಗಳ ಮುಖಂಡ ದೂರು ತಂದಾಗ ವಿರಾಟನ ಮಗ ಉತ್ತರ ಹೆಂಗಸರ ನಡುವೆ ಕುಳಿತಿದ್ದ. ಒಳ್ಳೆಯ ಸಾರಥಿಯೊಬ್ಬ ಸಿಕ್ಕರೆ ಸಾಕು, ಭೀಷ್ಮ, ದ್ರೋಣ, ಕರ್ಣರನ್ನೆಲ್ಲ ಮಣಿಸಿ ಹಸುಗಳನ್ನು ಹೊಡೆದುಕೊಂಡು ಬರುತ್ತೇನೆ ಎಂದ. ಸಾರಥಿ ಸಿಕ್ಕಿದಳು: ನಾಟ್ಯ ಕಲಿಸುವ ಬೃಹನ್ನಳೆ, ಅಂದರೆ ವೇಷ ಮರೆಸಿಕೊಂಡಿದ್ದ ಅರ್ಜುನ. ಗೊಂಬೆಗಳಿಗೆ ಉಡಿಸಲು ಕೌರವರ ಬಣ್ಣದ ಬಟ್ಟೆ ತಂದುಕೊಡಿ ಎಂದು ತಂಗಿ ಉತ್ತರೆ ಕೇಳಿದಳು. ಊರಾಚೆಯ ಸ್ಮಶಾನದ ಬಳಿ ಶತ್ರುಸೇನೆ ಕಣ್ಣಿಗೆ ಬಿದ್ದದ್ದೇ ತಡ, ನಮ್ಮ ರಾಜಕುಮಾರ ಬಿಲ್ಲು ಬಿಸುಟು ರಥದಿಂದ ಧುಮುಕಿ ಓಡಿದ. ಬೃಹನ್ನಳೆ ಬೆನ್ನಟ್ಟಿ ಕೂದಲು ಹಿಡಿದು ನಿಲ್ಲಿಸಿದಾಗ, ಹೊನ್ನು ಕೊಡುತ್ತೇನೆ, ಆನೆ ಕೊಡುತ್ತೇನೆ, ಬಿಟ್ಟುಬಿಡು ಎಂದು ಅಂಗಲಾಚಿದ.

ಅವನ ತಪ್ಪು ಹೆದರಿದ್ದಲ್ಲ. ಭೀಷ್ಮ, ದ್ರೋಣ ಎಂಬ ಹೆಸರು ಗೊತ್ತಿದ್ದ ಮಾತ್ರಕ್ಕೆ ಅವರ ಬಲವೂ ತನಗೆ ಗೊತ್ತು ಎಂದುಕೊಂಡದ್ದು. ಎಳಸುತನ ಎಂದರೆ ಇದೇ. ನಾಲ್ಕು ವಿಡಿಯೊ ನೋಡಿ ಷೇರುಪೇಟೆ ತಿಳಿಯಿತು ಎನ್ನುವವರು, ಈಜು ಬಾರದೆ ಕೆರೆಗೆ ಹಾರುವವರು ಮಾಡುವುದೂ ಇದನ್ನೇ. ಅಲ್ಲಿ ಕೂದಲು ಹಿಡಿದು ನಿಲ್ಲಿಸಲು ಯಾವ ಅರ್ಜುನನೂ ಬರುವುದಿಲ್ಲ.

ಗಾದೆ ಇಲ್ಲಿಗೆ ನಿಂತುಬಿಡುತ್ತದೆ. ಕಥೆ ಇಲ್ಲಿಂದಲೇ ದೊಡ್ಡದಾಗುತ್ತದೆ.

ಅರ್ಜುನ ಅವನನ್ನು ಮನೆಗೆ ಅಟ್ಟಲಿಲ್ಲ. ಕಾಳಗ ನನಗಿರಲಿ, ನೀನು ಕುದುರೆ ನಡೆಸು ಎಂದ. ಬನ್ನಿಮರದ ಮೇಲೆ ಪಾಂಡವರು ಹೆಣದಂತೆ ಕಾಣಲೆಂದು ಕಟ್ಟಿಟ್ಟಿದ್ದ ಆಯುಧಗಳ ಗಂಟನ್ನು ಇಳಿಸಲು ಹತ್ತು ಎಂದಾಗ ಹೆಣವನ್ನು ಹೇಗೆ ಮುಟ್ಟಲಿ ಎಂದು ಉತ್ತರ ಹಿಂಜರಿದ. ಆದರೂ ಹತ್ತಿದ, ಗಂಟು ಬಿಚ್ಚಿದ, ಲಗಾಮು ಹಿಡಿದ. ಸಾರಥಿಯಿಲ್ಲ ಎಂದು ನೆಪ ಹೇಳಿದ್ದವನು ತಾನೇ ಸಾರಥಿಯಾಗಿ, ಬಾಣಗಳ ನಡುವೆ ಒಬ್ಬ ನಿಜವಾದ ವೀರನ ಕೆಲಸವನ್ನು ಹತ್ತಿರದಿಂದ ಕಂಡ. ಅವನಿಗೆ ಸಿಕ್ಕ ಗುರುಕುಲ ಅದು. ಕೊನೆಗೆ ಸಮ್ಮೋಹನಾಸ್ತ್ರಕ್ಕೆ ಕೌರವರು ಮೈಮರೆತು ಬಿದ್ದಾಗ ಅವರ ನಡುವೆ ನಡೆದುಹೋಗಿ ದ್ರೋಣ, ಕೃಪರ ಬಿಳಿಯ ವಸ್ತ್ರ, ಕರ್ಣನ ಹಳದಿ ವಸ್ತ್ರ, ಅಶ್ವತ್ಥಾಮ, ದುರ್ಯೋಧನರ ನೀಲಿ ವಸ್ತ್ರಗಳನ್ನು ಆಯ್ದು ತಂದವನು ಇದೇ ಉತ್ತರ. ಬೆಳಿಗ್ಗೆ ದೂರದಿಂದ ಕಂಡೇ ಓಡಿದ್ದ ಸೇನೆಯದು!

ನನ್ನ ಮನಸ್ಸನ್ನು ಹೆಚ್ಚು ಗೆಲ್ಲುವುದು ಮುಂದಿನದು. ಅರಮನೆಯಲ್ಲಿ ವಿರಾಟ ಮಗನ ಗೆಲುವನ್ನು ಹಾಡಿ ಹೊಗಳುತ್ತಿದ್ದ. ಗೆದ್ದದ್ದು ಬೃಹನ್ನಳೆಯಿಂದ ಎಂದ ಕಂಕಭಟ್ಟನ (ವೇಷ ಮರೆಸಿಕೊಂಡಿದ್ದ ಧರ್ಮರಾಯನ) ಮುಖಕ್ಕೆ ಪಗಡೆಯ ದಾಳ ಎಸೆದು ರಕ್ತ ಬರಿಸಿದ್ದ. (ಮಕ್ಕಳ ತಲೆ ತಿರುಗಿಸುವಲ್ಲಿ ಹಿರಿಯರಾದ ನಮ್ಮ ಪಾಲೂ ಇದೆ.) ಒಂದೇ ಒಂದು ಸುಳ್ಳು ಹೇಳಿದ್ದರೆ ಉತ್ತರ ಆ ದಿನ ಜಗದೇಕವೀರನಾಗುತ್ತಿದ್ದ. ಅವನು ಹೇಳಲಿಲ್ಲ. ಗೆದ್ದವನು ನಾನಲ್ಲ, ಒಬ್ಬ ದೇವಪುತ್ರ, ನಾನು ಹೆದರಿ ಓಡಿದ್ದೆ ಎಂದು ತುಂಬಿದ ಸಭೆಯಲ್ಲಿ ಒಪ್ಪಿಕೊಂಡ. ಕಂಕನ ಕ್ಷಮೆ ಕೇಳು ಎಂದು ತಂದೆಗೇ ಹೇಳಿದ.

ಮುಂದೆ ಕುರುಕ್ಷೇತ್ರ ಯುದ್ಧದ ಮೊದಲ ದಿನ ಇದೇ ಉತ್ತರ ಆನೆಯೇರಿ ಶಲ್ಯನನ್ನು ಎದುರಿಸಿ, ಅವನ ರಥದ ಕುದುರೆಗಳನ್ನು ಕೆಡವಿ, ಶಲ್ಯನ ಶಕ್ತ್ಯಾಯುಧಕ್ಕೆ ಎದೆಯೊಡ್ಡಿ ಬಿದ್ದ. ಆ ದಿನ ಅವನು ಓಡಲಿಲ್ಲ.

ಆದ್ದರಿಂದ ನಿಮ್ಮನ್ನು ಯಾರಾದರೂ ಉತ್ತರಕುಮಾರ ಎಂದು ಹಂಗಿಸಿದರೆ ಕುಗ್ಗಬೇಡಿ. ದೊಡ್ಡ ಕನಸನ್ನು ಕೈಬಿಡಲೂ ಬೇಡಿ. ನಾಳೆ ಬೆಳಿಗ್ಗೆ ನಿಮ್ಮ ಗದ್ದೆಯಲ್ಲೋ ಗ್ಯಾರೇಜಿನಲ್ಲೋ ಕಚೇರಿಯಲ್ಲೋ ಕೆಲಸ ಚೆನ್ನಾಗಿ ಬಲ್ಲವರೊಬ್ಬರ ಮುಂದೆ ನಿಂತು ‘ನನಗಿದು ಬರುವುದಿಲ್ಲ, ಹೇಳಿಕೊಡಿ’ ಎನ್ನಿ. ಅವರು ಕೊಟ್ಟ ಲಗಾಮು ಎಷ್ಟೇ ಸಣ್ಣದಿರಲಿ, ಗಟ್ಟಿಯಾಗಿ ಹಿಡಿಯಿರಿ.